ಪರಿಚಾರಿಕೆಯ ಮಾತು ಪ್ರಮಾಣವೆ? — ಆಸ್ಪತ್ರೆಯ ಸಿಬ್ಬಂದಿಯನ್ನು ಕುರಿತ ಗುಣಾತ್ಮಕ ಸಂಶೋಧನೆಯ ಪರೀಕ್ಷಾಕ್ರಮ

೧

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ. ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂಬಿವೇ ಆ ನಾಲ್ಕು. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ನಿರ್ದೇಶಿಸುವಾಗ, ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ತಾನು ಸೇವಿಸುವವನಲ್ಲಿ ಅನುರಾಗ, ಶುಚಿತ್ವ ಇವು ಇರತಕ್ಕವೆಂದು ಆಚಾರ್ಯನು ವಿಧಿಸಿದ್ದಾನೆ. ಪರಿಚಾರಕನು ಎಂಥವನಾಗಿರಬೇಕೆಂಬುದು ಇಲ್ಲಿ ನಿರ್ಣೀತವಾಯಿತು. ಎಷ್ಟು ಮಂದಿ ರೋಗಿಗಳಿಗೆ ಎಷ್ಟು ಮಂದಿ ಪರಿಚಾರಕರೆಂಬ ಪ್ರಶ್ನೆಯು ಈ ಗುಣಪರಿಗಣನೆಯಲ್ಲಿ ಏಳಲಿಲ್ಲ. ಇಂದಿನ ಆಸ್ಪತ್ರೆಯಲ್ಲಾದರೋ ಈ ಎರಡನೆಯ ಪ್ರಶ್ನೆಯೇ ಮುಂದಾಗಿ ನಿಂತಿದೆ. ಅರಿವು, ದಕ್ಷತೆ, ಅನುರಾಗ, ಶುಚಿತ್ವ ನಾಲ್ಕೂ ತುಂಬಿರುವ ಶುಶ್ರೂಷಕಿಯೂ ಏಕಕಾಲದಲ್ಲಿ ಎರಡು ಮಂಚಗಳ ಬಳಿ ನಿಲ್ಲಲಾರಳಷ್ಟೆ.

ಸಿಬ್ಬಂದಿ ಸಾಲುವುದೇ ಸಾಲದೇ ಎಂಬುದನ್ನು ತಿಳಿಯಲು ಎರಡು ಮಾರ್ಗಗಳಿವೆ. ಹಾಸಿಗೆ, ಹುದ್ದೆ, ರೋಗಿ, ಮರಣ ಇವುಗಳನ್ನು ಎಣಿಸುವುದು ಒಂದು. ಶುಶ್ರೂಷಕಿಯರನ್ನೇ ಕೇಳಿ, ಅವರ ಮಾತನ್ನು ಬರೆದುಕೊಂಡು, ಅದರ ಅರ್ಥವನ್ನು ವಿಚಾರಮಾಡುವುದು ಮತ್ತೊಂದು. ಈ ಎರಡನೆಯದಕ್ಕೆ ಗುಣಾತ್ಮಕ ಸಂಶೋಧನೆಯೆಂದು ಹೆಸರು. ಮೊದಲನೆಯದನ್ನು ಅಧಿಕಾರಿಗಳು ಮನ್ನಿಸುತ್ತಾರೆ; ಎರಡನೆಯದನ್ನು ಬಹುಮಟ್ಟಿಗೆ ಅಳಲು, ದೂರು ಎಂದು ಬದಿಗಿಡುತ್ತಾರೆ. ಈ ತಿರಸ್ಕಾರವು ನ್ಯಾಯವೆ? ನ್ಯಾಯವಲ್ಲವಾದರೆ, ಅಂಥ ಸಂಶೋಧನೆಯಲ್ಲಿ ಗಟ್ಟಿಯಾವುದು ಜೊಳ್ಳು ಯಾವುದು ಎಂಬುದನ್ನು ಹೇಗೆ ಬೇರ್ಪಡಿಸತಕ್ಕದ್ದು? ಇದೇ ಈ ಲೇಖನದ ವಿಷಯವು. ಮಾತಿನ ಅರ್ಥವನ್ನು ನಿಶ್ಚಯಿಸುವ ವಿದ್ಯೆಯೇ ಸಾಹಿತ್ಯದ ಅಧ್ಯಾಪಕರ ವೃತ್ತಿಯಾದುದರಿಂದ, ವೈದ್ಯರ ಪ್ರಾಂತಕ್ಕೆ ಸೇರಿದಂತೆ ತೋರುವ ಈ ವಿಚಾರವು ಅವರಿಗೂ ಸೇರಿದುದೇ ಆಗಿದೆ.

೨

ಸಂಖ್ಯೆಯ ಬಲವು ಅಲ್ಪವೇನಲ್ಲ. ಲಿಂಡಾ ಐಕೆನ್ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಪ್ರಬಂಧವು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ೧೬೮ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳ ದಾಖಲೆಗಳನ್ನೂ ೧೦,೧೮೪ ಶುಶ್ರೂಷಕಿಯರು ಕೊಟ್ಟ ಉತ್ತರಗಳನ್ನೂ ಜೋಡಿಸಿ ನೋಡಿತು. ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಿದಂತೆಲ್ಲ, ೩೦ ದಿನಗಳೊಳಗೆ ಮರಣವುಂಟಾಗುವ ಸಂಭವದ ಅನುಪಾತವು ನೂರಕ್ಕೆ ೭ರಷ್ಟು ಏರಿರುವುದು ಅದರಿಂದ ಕಂಡುಬಂದಿತು. ಅದೇ ದೇಶದ ಕ್ಯಾಲಿಫೋರ್ನಿಯ ಸಂಸ್ಥಾನವು ೧೯೯೯ರಲ್ಲಿ ಕಾನೂನು ಮಾಡಿ, ಆಸ್ಪತ್ರೆಯ ಒಂದೊಂದು ವಿಭಾಗದಲ್ಲಿಯೂ ಒಬ್ಬ ಶುಶ್ರೂಷಕಿಗೆ ಇಷ್ಟೇ ರೋಗಿಗಳೆಂಬ ಮಿತಿಯನ್ನು ೨೦೦೪ರಿಂದ ಜಾರಿಗೆ ತಂದಿತು.

ಆದರೆ ಸಂಖ್ಯೆಯೂ ವ್ಯಾಖ್ಯಾನವನ್ನು ಅಪೇಕ್ಷಿಸುತ್ತದೆ. ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳ ೨೦೧೨ರ ಪಾಠವು ೧೦೦ ಹಾಸಿಗೆಗಳ ಜಿಲ್ಲಾ ಆಸ್ಪತ್ರೆಗೆ ೪೫ ಶುಶ್ರೂಷಕಿಯರನ್ನು ವಿಧಿಸಿತು. ನೂರಕ್ಕೆ ನಲವತ್ತೈದೆಂದರೆ ಎರಡು ಹಾಸಿಗೆಗಳಿಗೆ ಒಬ್ಬಳು ಇದ್ದಂತೆಯೇ ಕೇಳಿಸುತ್ತದೆ. ಆದರೆ ಹಗಲಿರುಳು ಮೂರು ಪಾಳಿಗಳಾದುದರಿಂದ ಒಂದು ಪಾಳಿಗೆ ೧೫ ಮಂದಿಯಾದರು. ಅವರಲ್ಲಿ ವಾರದ ಬಿಡುವಿನವರನ್ನೂ, ರಜೆಯ ಮೇಲಿರುವವರನ್ನೂ ಕಳೆಯಬೇಕು. ಉಳಿದವರು ಶಸ್ತ್ರಚಿಕಿತ್ಸೆಯ ಕೋಣೆ, ಹೆರಿಗೆಯ ಕೋಣೆ, ತುರ್ತುಚಿಕಿತ್ಸೆ, ಹೊರರೋಗಿಗಳ ವಿಭಾಗ, ವಾರ್ಡುಗಳು ಎಂದು ಹಂಚಿಹೋಗುತ್ತಾರೆ. ಇದು ಎಲ್ಲ ಹುದ್ದೆಗಳೂ ಭರ್ತಿಯಾಗಿದ್ದಾಗಿನ ಲೆಕ್ಕವೆಂಬುದನ್ನು ಮರೆಯತಕ್ಕದ್ದಲ್ಲ. ಇಂತು ರಿಜಿಸ್ಟರಿನಲ್ಲಿರುವ ನಲವತ್ತೈದು, ರಾತ್ರಿ ಎರಡು ಗಂಟೆಗೆ ಕಣ್ತೆರೆದ ರೋಗಿಗೆ ಕಾಣುವಾಗ ಒಂದಾಗಿರಬಹುದು. ಹುದ್ದೆಯ ಸಂಖ್ಯೆ ಬೇರೆ, ಕೈಗಳ ಸಂಖ್ಯೆ ಬೇರೆ. ಈ ಎರಡರ ನಡುವಣ ಅಂತರದಲ್ಲಿ ಏನು ನಡೆಯಿತೆಂಬುದನ್ನು ಅಲ್ಲಿದ್ದವಳೇ ಹೇಳಬೇಕು.

ತಿಪಟೂರು ಸೀಮೆಯ ತೆಂಗಿನ ಬೆಳೆಗಾರರಿಗೆ ಈ ಭೇದವು ಹೊಸದಲ್ಲ. ಉಂಡೆಕೊಬ್ಬರಿಗೆಂದು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟ ಕಾಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ, ಒಳಗಿನ ಕೊಬ್ಬರಿಯು ಕರಟಕ್ಕೆ ತಾಗಿ ಸದ್ದುಮಾಡಿದರೆ, ನೀರು ಇಂಗಿ ಕೊಬ್ಬರಿ ಬಿಟ್ಟುಕೊಂಡಿದೆಯೆಂದು ಒಡೆಯದೆಯೇ ತಿಳಿಯುತ್ತಾರೆ. ಒಳಗಿನ ಸ್ಥಿತಿಯನ್ನು ತಿಳಿಸುವುದು ಆ ಸದ್ದು. ಅಟ್ಟದಲ್ಲಿ ಎಷ್ಟು ಕಾಯಿಗಳಿವೆ, ತೂಕವೆಷ್ಟು ಎಂಬುದನ್ನು ಸದ್ದು ಹೇಳಲಾರದು. ಅದಕ್ಕೆ ಎಣಿಕೆಯೂ ತಕ್ಕಡಿಯೂ ಬೇಕು. ತಕ್ಕಡಿಯ ಕೆಲಸವನ್ನು ಮಾಡಲಿಲ್ಲವೆಂದು ಸದ್ದನ್ನು ಹಳಿಯುವುದು ಯುಕ್ತವಲ್ಲ. ಗುಣಾತ್ಮಕ ಸಂಶೋಧನೆಯನ್ನು ಅದರ ಸ್ವವಿಷಯದಲ್ಲಿಯೇ ಪರೀಕ್ಷಿಸತಕ್ಕದ್ದೆಂಬ ನಿಯಮವು ಇಲ್ಲಿಂದ ಸಿದ್ಧವಾಗುತ್ತದೆ.

೩

ಈ ಮಾರ್ಗದಿಂದ ಏನು ದೊರೆಯುವುದೆಂಬುದಕ್ಕೆ ಒಂದು ನಿದರ್ಶನವು ಪ್ರಸಿದ್ಧವಾಗಿದೆ. ಅಮೆರಿಕದ ಬಿಯಾಟ್ರಿಸ್ ಕಲಿಶ್ ೨೦೦೬ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಎರಡು ಆಸ್ಪತ್ರೆಗಳ ಶುಶ್ರೂಷಕಿಯರನ್ನೂ ಅವರ ಸಹಾಯಕರನ್ನೂ ೨೫ ಗುಂಪುಗಳಾಗಿ ಕೂರಿಸಿ ಮಾತನಾಡಿಸಲಾಯಿತು. ಮಾಡಬೇಕಾಗಿದ್ದರೂ ಪದೇ ಪದೇ ಬಿಟ್ಟುಹೋಗುವ ಒಂಬತ್ತು ಕೆಲಸಗಳು ಅವರ ಮಾತಿನಿಂದ ಹೊರಬಿದ್ದುವು. ರೋಗಿಯನ್ನು ನಡೆದಾಡಿಸುವುದು, ಮಗ್ಗುಲು ಬದಲಿಸುವುದು, ಹೊತ್ತಿಗೆ ಸರಿಯಾಗಿ ಉಣಿಸುವುದು, ತಿಳಿವಳಿಕೆ ಹೇಳುವುದು, ಮನೆಗೆ ಕಳುಹಿಸುವ ಮುನ್ನ ಮಾಡಬೇಕಾದ ಏರ್ಪಾಡು, ಧೈರ್ಯ ಹೇಳುವುದು, ಮೈಯ ಶುಚಿ, ಒಳಗೆ ಹೋದ ಮತ್ತು ಹೊರಗೆ ಬಂದ ದ್ರವದ ಲೆಕ್ಕ, ಎಚ್ಚರದಿಂದ ಗಮನಿಸುತ್ತಿರುವುದು ಎಂಬಿವೇ ಅವು. ಚರಕನು ಹೇಳಿದ ಅನುರಾಗಶೌಚಗಳು ಕಾರ್ಯರೂಪಕ್ಕೆ ಬರುವುದು ಇಂಥ ಕೆಲಸಗಳಲ್ಲಿಯೇ ಎಂಬುದನ್ನು ಗಮನಿಸಬೇಕು. ಮಾಡದೆ ಬಿಟ್ಟ ಕೆಲಸವು ರಿಜಿಸ್ಟರಿನಲ್ಲಿ ಸಾಮಾನ್ಯವಾಗಿ ದಾಖಲಾಗದು. ಅಭಾವವನ್ನು ಕಂಡವಳು ಅದನ್ನು ಹೇಳದ ಹೊರತು ಅದು ಹೊರಗೆ ಬರುವ ಬಗೆಯಿಲ್ಲ.

ಇನ್ನು ಕಾರಣಗಳು ಏಳು. ಜನ ಸಾಲದಿರುವುದು ಅವುಗಳಲ್ಲಿ ಒಂದು. ಕೆಲಸವು ಹಿಡಿಯುವ ಕಾಲ, ಇರುವ ಜನರನ್ನು ಸರಿಯಾಗಿ ಬಳಸದಿರುವುದು, ಇದು ತನ್ನ ಕೆಲಸವಲ್ಲವೆಂಬ ಭಾವ, ಕೆಲಸವನ್ನು ಒಪ್ಪಿಸಿಕೊಡುವುದರಲ್ಲಿ ಲೋಪ, ಅಭ್ಯಾಸ, ಕಂಡೂ ಕಾಣದಂತಿರುವುದು ಎಂಬಿವು ಉಳಿದವು. ಈ ಪಟ್ಟಿಯಲ್ಲಿ ಹಲವು ಹೇಳಿದವರಿಗೇ ಪ್ರತಿಕೂಲವಾಗಿವೆ. ಸಂಶೋಧಕಿಯು ಜನ ಸಾಲದೆಂಬ ಒಂದೇ ಮಾತನ್ನು ಹೆಕ್ಕಿಕೊಂಡು ಮಿಕ್ಕದ್ದನ್ನು ಮುಚ್ಚಿದ್ದರೆ, ಆ ಪ್ರಬಂಧವು ಬೇಡಿಕೆಯ ಅರ್ಜಿಯಾಗುತ್ತಿತ್ತೇ ಹೊರತು ಪ್ರಮಾಣವಾಗುತ್ತಿರಲಿಲ್ಲ.

೪

ಇಲ್ಲಿ ಪೂರ್ವಪಕ್ಷವು ಏಳುತ್ತದೆ. ಶುಶ್ರೂಷಕಿಯು ಸ್ವಾರ್ಥವುಳ್ಳವಳು, ಸಿಬ್ಬಂದಿ ಹೆಚ್ಚಿದರೆ ಆಕೆಯ ಶ್ರಮವು ಕಡಿಮೆಯಾಗುತ್ತದೆ. ಆಕೆಯು ಶಾಸ್ತ್ರಜ್ಞೆಯಲ್ಲ, ಆಡಳಿತವನ್ನು ಬಲ್ಲವಳಲ್ಲ. ಇಪ್ಪತ್ತು ಮಂದಿಯ ಮಾತಿನಿಂದ ಸಾವಿರಾರು ಮಂದಿಯ ವಿಚಾರವನ್ನು ನಿರ್ಣಯಿಸಲಾಗದು. ಆದುದರಿಂದ ಆ ಮಾತು ಅಪ್ರಮಾಣವು ಎಂಬುದು ಆಕ್ಷೇಪ.

ಇದಕ್ಕೆ ಸಮಾಧಾನವು ಹೀಗಿದೆ. ನ್ಯಾಯಸೂತ್ರಗಳು ಆಪ್ತನ ಉಪದೇಶವನ್ನು ಶಬ್ದಪ್ರಮಾಣವೆಂದು ಹೇಳುತ್ತವೆ. ಆಪ್ತನು ಯಾರೆಂಬುದನ್ನು ವಿವರಿಸುವ ವಾತ್ಸ್ಯಾಯನನು, ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನೇ ಆಪ್ತನೆಂದು ನಿರ್ಣಯಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸಿದ್ದಾನೆ. ಇದು ಗಂಭೀರವಾದ ಮಾತು. ಆಪ್ತತ್ವಕ್ಕೆ ಪದವಿಯು ಕಾರಣವಲ್ಲ. ಕಂಡಿರುವುದೂ ಕಂಡಂತೆ ಹೇಳುವುದೂ ಕಾರಣ. ರಾತ್ರಿಯ ಪಾಳಿಯಲ್ಲಿ ಏನು ಬಿಟ್ಟುಹೋಯಿತೆಂಬ ವಿಷಯದಲ್ಲಿ ಅಲ್ಲಿದ್ದ ಶುಶ್ರೂಷಕಿಯು ಆಪ್ತಳಾಗಬಲ್ಲಳು. ಅಲ್ಲಿಲ್ಲದ ಮೇಲಧಿಕಾರಿಯು ಆಗಲಾರನು. ಜಿಲ್ಲೆಯಲ್ಲಿ ಖಾಲಿಯಿರುವ ಹುದ್ದೆಗಳೆಷ್ಟು ಎಂಬ ವಿಷಯದಲ್ಲಾದರೋ ಆಕೆಯ ಮಾತು ಕೇಳಿಕೆಯ ಮಾತು, ಅಲ್ಲಿ ಕಚೇರಿಯ ದಾಖಲೆಯೇ ಬಲವತ್ತರವು. ಪ್ರಾಮಾಣ್ಯವು ವ್ಯಕ್ತಿಗಲ್ಲ, ವಿಷಯದೊಡನೆ ಆ ವ್ಯಕ್ತಿಗಿರುವ ಸಂಬಂಧಕ್ಕೆ ಸೇರಿದ್ದು. ಸ್ವಾರ್ಥವಿದೆಯೆಂಬುದು ಪರೀಕ್ಷೆಗೆ ಹೇತುವಾಗಬಹುದು, ತಿರಸ್ಕಾರಕ್ಕೆ ಹೇತುವಾಗದು. ಸಿಬ್ಬಂದಿ ಸಾಕೆನ್ನುವವನಿಗೂ ಸ್ವಾರ್ಥವಿರಬಹುದಷ್ಟೆ.

೫

ಹಾಗಾದರೆ ಪರೀಕ್ಷೆಯ ಕ್ರಮವೇನು? ಪಾಶ್ಚಾತ್ಯರಲ್ಲಿ ಲಿಂಕನ್ ಮತ್ತು ಗೂಬ ಎಂಬಿಬ್ಬರು ೧೯೮೫ರಲ್ಲಿ ನಾಲ್ಕು ನಿಕಷಗಳನ್ನು ಹೇಳಿದರು. ಹೇಳಿದವರ ಅನುಭವಕ್ಕೆ ಸಂಶೋಧನೆಯ ನಿರ್ಣಯವು ಹೊಂದುತ್ತದೆಯೇ ಎಂಬುದು ವಿಶ್ವಾಸಾರ್ಹತೆ. ಒಂದೆಡೆಯ ನಿರ್ಣಯವನ್ನು ಬೇರೆಡೆಗೆ ಅನ್ವಯಿಸಬಹುದೇ ಎಂದು ಓದುವವನು ತೂಗಿನೋಡಲು ಬೇಕಾದಷ್ಟು ವಿವರವನ್ನು ಕೊಟ್ಟಿದೆಯೇ ಎಂಬುದು ಅನ್ವಯಯೋಗ್ಯತೆ. ಅನುಸರಿಸಿದ ಕ್ರಮವು ಆದಿಯಿಂದ ಅಂತ್ಯದವರೆಗೆ ಪರಿಶೀಲನೆಗೆ ತೆರೆದಿದೆಯೇ ಎಂಬುದು ಮೂರನೆಯದು. ನಿರ್ಣಯವು ಸಂಗ್ರಹಿಸಿದ ಮಾತುಗಳಿಂದ ಹುಟ್ಟಿತೇ, ಸಂಶೋಧಕನ ಪೂರ್ವಾಗ್ರಹದಿಂದ ಹುಟ್ಟಿತೇ ಎಂಬುದು ನಾಲ್ಕನೆಯದು. ಈಚೆಗೆ ಬಳಕೆಗೆ ಬಂದಿರುವ ಪ್ರಶ್ನಾವಳಿಗಳು ಬಹುಮಟ್ಟಿಗೆ ಇವುಗಳ ವಿಸ್ತಾರವೇ ಆಗಿವೆ.

ಈ ನಿಕಷಗಳನ್ನು ಪ್ರಯೋಗಿಸುವವನಿಗೆ ಮೀಮಾಂಸಕರ ಷಡ್ವಿಧ ತಾತ್ಪರ್ಯಲಿಂಗಗಳು ಒಳ್ಳೆಯ ಕೈದೀವಿಗೆಯಾಗುತ್ತವೆ. ದೃಷ್ಟಾಂತಕ್ಕಾಗಿ ದೇವದತ್ತೆಯೆಂಬ ಶುಶ್ರೂಷಕಿಯನ್ನು ಕಲ್ಪಿಸಿಕೊಳ್ಳಬಹುದು. ತೆಂಗಿನ ಮರದಿಂದ ಬಿದ್ದು ಬೆನ್ನೆಲುಬಿಗೆ ಪೆಟ್ಟಾದವನೊಬ್ಬನು ಆಕೆಯ ವಾರ್ಡಿನಲ್ಲಿ ಮಲಗಿದ್ದಾನೆ. ಸಂದರ್ಶಕನು ಬಂದು ಕೇಳಿದಾಗ ಆಕೆಯು, ತೊಂದರೆಯೇನೂ ಇಲ್ಲ, ಹೇಗೋ ಸುಧಾರಿಸಿಕೊಂಡು ಹೋಗುತ್ತೇವೆ ಎಂದು ಮೊದಲುಮಾಡಿ, ಆ ರೋಗಿಯ ಬೆನ್ನಿನ ಹುಣ್ಣಿನ ಮಾತಿನಿಂದ ಮುಗಿಸುತ್ತಾಳೆ. ಉಪಕ್ರಮೋಪಸಂಹಾರಗಳು ಇಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಆದಿಯ ಮಾತನ್ನು ಮಾತ್ರ ಹಿಡಿದವನು ತಪ್ಪಿದನು. ಕೇಳದೆಯೇ ಆಕೆ ಮತ್ತೆ ಮತ್ತೆ ಹೇಳಿದುದು ಅಭ್ಯಾಸ. ಸಂದರ್ಶಕನೇ ತಿರುತಿರುಗಿ ಕೇಳಿ ಹೊರಡಿಸಿದ ಮಾತು ಅಭ್ಯಾಸವೆನಿಸದು. ರಿಜಿಸ್ಟರಿನಲ್ಲಿ ಆ ರಾತ್ರಿ ಇಬ್ಬರೆಂದಿದೆ; ಇನ್ನೊಬ್ಬಳು ಹೆರಿಗೆಯ ಕೋಣೆಗೆ ಹೋಗಿ ಬೆಳಗಿನವರೆಗೆ ಅಲ್ಲಿಯೇ ಉಳಿದಳೆಂಬುದು ಬೇರೆ ಪ್ರಮಾಣದಿಂದ ತಿಳಿಯದ ಸಂಗತಿಯಾದುದರಿಂದ ಅದು ಅಪೂರ್ವತೆ. ರೋಗಿಗೆ ಹುಣ್ಣಾದುದು ಫಲ. ಪ್ರಾಣವೇ ಹೋಗುತ್ತದೆ ಎಂಬಂಥ ಉತ್ಪ್ರೇಕ್ಷೆಯು ಅರ್ಥವಾದ; ಅದನ್ನು ವಾಚ್ಯಾರ್ಥದಲ್ಲಿ ಹಿಡಿಯಲೂಬಾರದು, ಸುಳ್ಳೆಂದು ಎಸೆಯಲೂಬಾರದು, ಅದು ಯಾವ ಮುಖ್ಯಾರ್ಥವನ್ನು ಪೋಷಿಸುತ್ತಿದೆಯೆಂದು ನೋಡಬೇಕು. ಬೆನ್ನೆಲುಬು ನೊಂದವನ ಮಗ್ಗುಲನ್ನು ಒಬ್ಬಳೇ ಬದಲಿಸಲಾಗದು, ದೇಹವು ತಿರುಚದಂತೆ ಹಿಡಿಯಲು ಒಂದಕ್ಕಿಂತ ಹೆಚ್ಚು ಜನ ಬೇಕು ಎಂಬುದು ಉಪಪತ್ತಿ. ಆಕೆಯ ಶೀಲವನ್ನು ಸಂದೇಹಿಸುವವನೂ ಈ ಯುಕ್ತಿಯನ್ನು ಒಪ್ಪಲೇಬೇಕಾಗುತ್ತದೆ.

ಆದರೂ ಒಂದು ಎಚ್ಚರಿಕೆಯು ಅಗತ್ಯ. ಮೀಮಾಂಸಕರು ಈ ಲಿಂಗಗಳನ್ನು ಬಳಸಿದ್ದು ಏಕತಾತ್ಪರ್ಯವುಳ್ಳ, ವಕ್ತೃದೋಷವಿಲ್ಲದ ವಾಕ್ಯದಲ್ಲಿ. ಮನುಷ್ಯನ ಮಾತಿಗೆ ಎರಡು ತಾತ್ಪರ್ಯಗಳಿರಬಹುದು, ಭಯವಿರಬಹುದು, ದಾಕ್ಷಿಣ್ಯವಿರಬಹುದು. ಆದುದರಿಂದ ಕೇಳಿದವರು ಯಾರು, ಎಲ್ಲಿ, ಯಾರ ಎದುರಿನಲ್ಲಿ ಎಂಬುದನ್ನೂ ಸೇರಿಸಿ ವಿಚಾರಮಾಡಬೇಕು. ಮುಖ್ಯ ವೈದ್ಯಾಧಿಕಾರಿಯ ಕೋಣೆಯಲ್ಲಿ ಆಡಿದ ಮಾತೂ ಪಾಳಿ ಮುಗಿದ ಮೇಲೆ ಹೊರಗೆ ಆಡಿದ ಮಾತೂ ಒಂದೇ ತೂಕದವಲ್ಲ. ಇದನ್ನು ತಿಳಿಸದ ಪ್ರಬಂಧವು ಎಷ್ಟು ಸುಂದರವಾದ ಉಕ್ತಿಗಳಿಂದ ಕೂಡಿದ್ದರೂ ಅಪೂರ್ಣವೇ ಸರಿ.

೬

ಸಾಹಿತ್ಯದ ಅಧ್ಯಾಪಕರಿಗೆ ವಿಶೇಷವಾಗಿ ಸೇರಿದ ಪರೀಕ್ಷೆಯು ಭಾಷೆಯದು. ಕರ್ಣಾಟಕದ ಶುಶ್ರೂಷಕಿಯು ಕನ್ನಡದಲ್ಲಿ ಹೇಳಿದುದು ಪ್ರಬಂಧದಲ್ಲಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ದೇವದತ್ತೆಯ ಮಾತನ್ನೇ ತೆಗೆದುಕೊಳ್ಳಬಹುದು. ಸುಧಾರಿಸುವುದೆಂದರೆ ಉತ್ತಮಗೊಳಿಸುವುದೆಂದು ನಿಘಂಟು ಹೇಳುತ್ತದೆ. ಸಮಾಜಸುಧಾರಣೆಯೆಂಬಲ್ಲಿ ಆ ಅರ್ಥವೇ ಇದೆ. ಸುಧಾರಿಸಿಕೊಂಡು ಹೋಗುವುದೆಂದಾಗ ಇದ್ದುದರಲ್ಲಿಯೇ ಹೇಗೋ ನಿಭಾಯಿಸುವುದೆಂದು ರೂಢಿ. ಅದನ್ನು ಕೆಲಸವು ಸರಾಗವಾಗಿ ನಡೆಯುತ್ತಿದೆಯೆಂದು ಭಾಷಾಂತರಿಸಿದವನು ವಾಕ್ಯದ ಜೀವವನ್ನೇ ತೆಗೆದನು. ಸಂದರ್ಭದಲ್ಲಿ ಆ ಮಾತು, ಇರಬೇಕಾದಷ್ಟು ಜನ ಇಲ್ಲವೆಂಬುದನ್ನು ಧ್ವನಿಸುತ್ತದೆ. ಯಾರ ಮೇಲೂ ದೂರು ಹೇಳಲೊಲ್ಲೆನೆಂಬುದನ್ನೂ ಧ್ವನಿಸುತ್ತದೆ. ಹೇಗೋ ಎಂಬ ಸಣ್ಣ ಅವ್ಯಯದಲ್ಲಿ ಇಡೀ ವಾರ್ಡಿನ ಸ್ಥಿತಿಯಿದೆ. ವ್ಯಂಗ್ಯಾರ್ಥವನ್ನು ಕಾವ್ಯದಲ್ಲಿ ಮಾತ್ರ ಹುಡುಕಿ, ಲೋಕದ ಮಾತಿನಲ್ಲಿ ವಾಚ್ಯಾರ್ಥಕ್ಕೆ ತೃಪ್ತರಾಗುವುದು ವಿದ್ವಾಂಸರಿಗೆ ಉಚಿತವಲ್ಲ. ಮೂಲದ ಕನ್ನಡ ಮಾತನ್ನು ಉಳಿಸಿಕೊಂಡಿದೆಯೇ, ಅರ್ಥನಿರ್ಣಯವನ್ನು ಕನ್ನಡದಲ್ಲಿ ಮಾಡಿದರೇ ಭಾಷಾಂತರವಾದಮೇಲೆ ಮಾಡಿದರೇ ಎಂಬುದನ್ನು ಇಂಥ ಪ್ರತಿಯೊಂದು ಪ್ರಬಂಧದಲ್ಲಿಯೂ ಕೇಳತಕ್ಕದ್ದು.

೭

ಇನ್ನುಳಿದುದು ವ್ಯಾಪ್ತಿಯ ಪ್ರಶ್ನೆ. ಅನ್ನವು ಬೆಂದಿದೆಯೇ ಎಂಬುದನ್ನು ತಿಳಿಯಲು ಒಂದಗುಳನ್ನು ಹಿಸುಕಿದರೆ ಸಾಕೆಂಬುದು ಸ್ಥಾಲೀಪುಲಾಕನ್ಯಾಯ. ಒಂದೇ ಪಾತ್ರೆ, ಒಂದೇ ಬೆಂಕಿ ಇರುವಲ್ಲಿ ಮಾತ್ರ ಆ ನ್ಯಾಯವು ನಡೆಯುತ್ತದೆ. ಆಸ್ಪತ್ರೆಗಳ ಪಾತ್ರೆ ಬೇರೆ, ಬೆಂಕಿ ಬೇರೆ. ಇದಕ್ಕೆ ಕರ್ಣಾಟಕದಲ್ಲಿಯೇ ನಡೆದ ಎರಡು ಸಂಶೋಧನೆಗಳು ಸಾಕ್ಷಿಯಾಗಿವೆ.

ಆಶಾ ಜಾರ್ಜ್ ೨೦೦೯ರಲ್ಲಿ ಪ್ರಕಟಿಸಿದ ಪ್ರಬಂಧವು ಕೊಪ್ಪಳ ಜಿಲ್ಲೆಯ ಸರ್ಕಾರೀ ಆರೋಗ್ಯವ್ಯವಸ್ಥೆಯ ಅಧಿಕಾರಿಗಳೂ ಕಾರ್ಯಕರ್ತರೂ ಮೇಲ್ವಿಚಾರಣೆ ಮತ್ತು ಶಿಸ್ತಿನ ಕ್ರಮಗಳನ್ನು ಹೇಗೆ ಭಾವಿಸುತ್ತಾರೆಂಬುದನ್ನು ವಿವೇಚಿಸುತ್ತದೆ. ವಾದಿಪ್ರತಿವಾದಿಗಳಿಬ್ಬರ ಮಾತನ್ನೂ ಕೇಳಿರುವುದು ಅದರ ಮುಖ್ಯಗುಣವು. ಮಾಹಿತಿಯ ದಾಖಲೆಗಳು ವಿಪುಲವಾಗಿದ್ದರೂ ಅವು ಯೋಜನೆಗೆ ದಾರಿತೋರಿಸುತ್ತಿಲ್ಲವೆಂಬುದೂ, ಶಿಸ್ತಿನ ಕ್ರಮಗಳು ಹಲವು ನಡೆದರೂ ಶಿಸ್ತು ಕಾಣುತ್ತಿಲ್ಲವೆಂಬುದೂ, ಪರಸ್ಪರ ಕೊಡುಕೊಳ್ಳುವ ಮೌನದ ಒಪ್ಪಂದಗಳು ಕುಂದಾದ ಸೇವೆಗೆ ಸಮರ್ಥನೆಯಾಗುತ್ತವೆಂಬುದೂ ಅಲ್ಲಿ ಬೆಳಕಿಗೆ ಬಂದಿವೆ. ಎಣಿಕೆಯಿಂದ ಮಾತ್ರ ಇದನ್ನು ಕಾಣಲಾಗುತ್ತಿರಲಿಲ್ಲ. ಆದರೆ ಆ ಪ್ರಬಂಧದ ವಿಷಯವು ಸಿಬ್ಬಂದಿಯ ಸಂಖ್ಯೆಯಲ್ಲ, ಸ್ಥಳವು ತೆಂಗಿನ ಸೀಮೆಯಲ್ಲ. ಅದರಿಂದ ಪ್ರಶ್ನೆಗಳನ್ನು ಎರವಲು ತರಬಹುದು, ಉತ್ತರಗಳನ್ನು ತರಲಾಗದು.

ಎರಡನೆಯದು ತುಮಕೂರು ಜಿಲ್ಲೆಯದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ಈ ಜಿಲ್ಲೆಯ ತಾಲ್ಲೂಕುಗಳೇ ಆಗಿವೆ. ಆರೋಗ್ಯಾಧಿಕಾರಿಗಳ ಸಾಮರ್ಥ್ಯವರ್ಧನೆಗಾಗಿ ಇಲ್ಲಿ ನಡೆದ ಕಾರ್ಯಕ್ರಮವೊಂದನ್ನು ಎನ್. ಎಸ್. ಪ್ರಶಾಂತ್ ಮತ್ತು ಸಂಗಡಿಗರು ಸಂದರ್ಶನ, ವೀಕ್ಷಣೆ, ಅಳತೆ ಮೂರರಿಂದಲೂ ಪರಿಶೀಲಿಸಿ ೨೦೧೪ರಲ್ಲಿ ಪ್ರಕಟಿಸಿದರು. ಒಂದೇ ಕಾರ್ಯಕ್ರಮಕ್ಕೆ ಒಂದೇ ಜಿಲ್ಲೆಯ ತಾಲ್ಲೂಕುಗಳು ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸಿದುವು. ಒಂದು ತಾಲ್ಲೂಕಿನಲ್ಲಿ ಸಿಬ್ಬಂದಿಯ ನಿಷ್ಠೆಗೆ ಅನುಕೂಲ ಸಂದರ್ಭವು ಕೂಡಿ ಸುಧಾರಣೆಯಾಯಿತು. ಮತ್ತೆರಡರಲ್ಲಿ ನಿಷ್ಠೆಯಿದ್ದೂ ಇಷ್ಟಾರ್ಥವು ಕೈಗೂಡಲಿಲ್ಲ. ಮತ್ತೊಂದರಲ್ಲಿ ನಿಷ್ಠೆಯ ಕೊರತೆಯನ್ನು ಮುಂದಾಳುತನವು ತುಂಬಿಕೊಟ್ಟಿತು. ಒಂದೇ ಜಿಲ್ಲೆಯ ತಾಲ್ಲೂಕುಗಳೊಳಗೇ ಇಷ್ಟು ಭೇದವಿರುವಾಗ, ತುರುವೇಕೆರೆಯ ಮಾತನ್ನು ಚಿಕ್ಕನಾಯಕನಹಳ್ಳಿಗೆ ವಿಚಾರವಿಲ್ಲದೆ ಹಚ್ಚುವುದು ಸರಿಯಲ್ಲ. ಗುಣಾತ್ಮಕ ಸಂಶೋಧನೆಯು ಕೊಡುವುದು ಎಷ್ಟು ಕಡೆ ಹೀಗಿದೆಯೆಂಬ ಲೆಕ್ಕವನ್ನಲ್ಲ. ಯಾವ ಸ್ಥಿತಿಯಲ್ಲಿ, ಯಾವ ಕಾರಣದಿಂದ, ಏನು ಆಗುತ್ತದೆಂಬ ಸಂಬಂಧವನ್ನು. ಆ ಸ್ಥಿತಿಯು ಬೇರೆಡೆಯೂ ಇದೆಯೇ ಎಂದು ನೋಡುವ ಹೊಣೆಯು ಓದುವವನದು.

೮

ಈ ಮೂರು ತಾಲ್ಲೂಕುಗಳ ಶುಶ್ರೂಷಕಿಯರನ್ನು ಕುರಿತು ಯಾರಾದರೂ ಇಂಥ ಸಂಶೋಧನೆಯನ್ನು ಕೈಗೊಂಡರೆ, ಅದನ್ನು ಪರೀಕ್ಷಿಸುವವರು ನೋಡಬೇಕಾದುದು ಮೇಲಿನ ವಿಚಾರದಿಂದ ಸ್ಪಷ್ಟವಾಗುತ್ತದೆ. ಖಾಯಂ ಹುದ್ದೆಯವರ ಜೊತೆಗೆ ಗುತ್ತಿಗೆಯವರನ್ನೂ, ಹಗಲಿನವರ ಜೊತೆಗೆ ರಾತ್ರಿಯವರನ್ನೂ, ಇರುವವರ ಜೊತೆಗೆ ಬಿಟ್ಟುಹೋದವರನ್ನೂ ಕೇಳಿರಬೇಕು. ಸಿಬ್ಬಂದಿ ಸಾಕೆಂದವರ ಮಾತನ್ನೂ ಅಡಗಿಸದೆ ಕೊಟ್ಟಿರಬೇಕು. ಪಾಳಿಯ ಪಟ್ಟಿಯೊಡನೆ ಮಾತನ್ನು ತಾಳೆನೋಡಿರಬೇಕು. ವಿರೋಧ ಕಂಡಲ್ಲಿ ಯಾವುದನ್ನು ಏಕೆ ನಂಬಿದರೆಂಬುದನ್ನು ಹೇಳಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಹೇಳಿದವಳ ರಕ್ಷಣೆ. ತಾಲ್ಲೂಕಿನ ಆಸ್ಪತ್ರೆಯು ಚಿಕ್ಕದು, ಅಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ಹೆಸರನ್ನು ಮರೆಸಿ, ಇಂಥ ಊರಿನ ಹೆರಿಗೆಯ ಕೋಣೆಯಲ್ಲಿ ಇಷ್ಟು ವರ್ಷಗಳಿಂದ ಇರುವವಳು ಎಂದು ಬರೆದರೆ ಹೆಸರನ್ನು ಬರೆದಂತೆಯೇ ಆಯಿತು. ವರ್ಷವರ್ಷವೂ ಗುತ್ತಿಗೆ ನವೀಕೃತವಾಗಬೇಕಾದವಳಿಗೆ ಒಂದು ವಾಕ್ಯವು ಜೀವನೋಪಾಯವನ್ನೇ ಕಳೆಯಬಲ್ಲುದು. ಅನ್ವಯಯೋಗ್ಯತೆಗಾಗಿ ಹೆಚ್ಚು ವಿವರವು ಬೇಕು. ರಕ್ಷಣೆಗಾಗಿ ಕಡಿಮೆ ವಿವರವು ಬೇಕು. ಈ ಎರಡರಲ್ಲಿ ವಿರೋಧ ಬಂದಾಗ ರಕ್ಷಣೆಯೇ ಬಲವತ್ತರವೆಂದು ತಿಳಿಯಬೇಕು. ಇಲ್ಲದಿದ್ದರೆ ಮುಂದೆ ಬಂದು ಕೇಳುವವನಿಗೆ ಸುಧಾರಿಸಿಕೊಂಡು ಹೋಗುತ್ತೇವೆಂಬ ಮಾತಿನ ಹೊರತು ಮತ್ತಾವುದೂ ದೊರೆಯದು.

ಕೆಟ್ಟ ಸಂಶೋಧನೆಯಿಂದ ಆಗುವ ಹಾನಿಯು ಸಂಶೋಧಕನಿಗೆ ಮಾತ್ರ ತಟ್ಟುವುದಿಲ್ಲ. ಆಯ್ದ ನಾಲ್ಕು ಉದ್ಗಾರಗಳನ್ನು ಪೋಣಿಸಿದ ಪ್ರಬಂಧವನ್ನು ಅಧಿಕಾರಿಯು ಸುಲಭವಾಗಿ ಖಂಡಿಸುತ್ತಾನೆ. ಅದರೊಡನೆ ಆ ಶುಶ್ರೂಷಕಿಯರ ನಿಜವಾದ ಮಾತೂ ಖಂಡಿತವಾದಂತಾಗುತ್ತದೆ. ಚೆನ್ನಾಗಿ ಪರೀಕ್ಷಿಸಿದ ಮಾತು ಪ್ರಮಾಣವಾಗಿ ನಿಲ್ಲುತ್ತದೆ; ಅದನ್ನು ಸಂಖ್ಯೆಯೊಡನೆ ಸೇರಿಸಿ ಓದುವುದು ಆಗ ಆಡಳಿತದವರ ಕರ್ತವ್ಯವಾಗುತ್ತದೆ. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದೆಂದು ಚ‌ರಕನು ಎಣಿಸಿದ ಪರಿಚಾರಕನನ್ನು ಕೇಳದೆ ಚಿಕಿತ್ಸಾಲಯದ ವ್ಯವಸ್ಥೆಯನ್ನು ನಿರ್ಣಯಿಸುವುದು ಶಾಸ್ತ್ರಕ್ಕೂ ಲೋಕಕ್ಕೂ ಸಮ್ಮತವಲ್ಲ. ಕೇಳಿದ ಮಾತನ್ನು ತೂಗದೆ ಒಪ್ಪುವುದೂ ಅಷ್ಟೇ ಅಸಮ್ಮತವು. ಮಗ್ಗುಲು ಬದಲಿಸದ ರೋಗಿಯ ಬೆನ್ನಿನ ಹುಣ್ಣು ಈ ಎರಡು ಉದಾಸೀನತೆಗಳಿಗೂ ಸಮಾನವಾದ ಫಲವಾಗಿದೆ.